ಫ್ರೆಂಚ್ ಹುಡುಗನ ಕ್ವಾರ್ಟೆಟ್ಟೂ ನನ್ನ ಜೂನಿಯರ್ ಪಿಟೀಲೂ

ಪಿಟೀಲು ಎಂದರೆ ಪಿಟೀಲು. ಮೈಸೂರಿನಲ್ಲೂ ಅದಕ್ಕೆ ನಾಲ್ಕು ತಂತಿ, ಟೆಕ್ಸಸ್‌ನಲ್ಲೂ ನಾಲ್ಕು ತಂತಿ. ಅಲ್ಲಿ ನುಡಿಸಬಲ್ಲವಳು ಇಲ್ಲಿ ಯಾಕೆ ನುಡಿಸಲಾರಳು? ಫ್ಲವರ್ ಮೌಂಡ್‌ನ ನಮ್ಮ ಮನೆಯ ಒಲೆಯ ಮುಂದೆ ನಿಂತು, ಕೈಯಲ್ಲಿ ಸೌಟು ಹಿಡಿದು, ಈ ಪ್ರಶ್ನೆಯನ್ನು ನಾನು ನನ್ನ ಗಂಡ ರಾಘು ಅವರ ಮುಂದೆ ಮಂಡಿಸಿದೆ.

ರಾಘು ಧಾರವಾಡದವರು. ಸುತ್ತಿ ಬಳಸಿ ಮಾತಾಡುವುದು ಅವರ ಜಾಯಮಾನವಲ್ಲ.

“ಲಗ್ನ ಆದಮ್ಯಾಲೆ ನೀ ಆ ಪೆಟಗಿ ತಗದದ್ದು ಗಣಪತಿ ಹಬ್ಬದ ಭಜನಿಗೆ ಅಷ್ಟ. ಈಗ ಒಮ್ಮೆಲೆ ಕ್ವಾರ್ಟೆಟ್ ಅಂತೀಯಲ್ಲ?”

“ನಾನು ಜೂನಿಯರ್ ಪಾಸ್ ಮಾಡಿದೀನಿ ರೀ! ಅದೂ ಫಸ್ಟ್ ಕ್ಲಾಸು!”

“ಅದನ್ನ ಅವರ ಮುಂದ ಹೇಳಬ್ಯಾಡ. ಇಲ್ಲೆ ಜೂನಿಯರ್ ಅಂದ್ರ ಸಣ್ಣ ಹುಡುಗೂರು ಅಂತ ತಿಳ್ಕೋತಾರ.”

ನಡೆದದ್ದಿಷ್ಟು. ನಮ್ಮ ಪಕ್ಕದ ಮನೆಯಲ್ಲಿ ಮಾರ್ಥಾ ಎಂಬ ನಿವೃತ್ತ ಗಣಿತದ ಟೀಚರ್ ಇದ್ದರು. ಚೆಲ್ಲೋ ನುಡಿಸುತ್ತಿದ್ದರು. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಪ್ಪ. ನೆಲಕ್ಕೆ ಊರಿ, ಎದೆಗೆ ಒರಗಿಸಿಕೊಂಡು ನುಡಿಸುವುದು. ಇಬ್ಬರು ಪಿಟೀಲಿನವರು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವ ಒಬ್ಬರು ಮತ್ತು ಮಾರ್ಥಾ ಸೇರಿ ಪ್ರತಿ ಶನಿವಾರ ಅವರ ಮನೆಯ ಹಾಲಿನಲ್ಲಿ ಕ್ವಾರ್ಟೆಟ್, ಅಂದರೆ ನಾಲ್ಕು ವಾದ್ಯಕ್ಕೆಂದೇ ಬರೆದ ಕೃತಿ, ನುಡಿಸುತ್ತಿದ್ದರು. ಮೃದಂಗವಿಲ್ಲ, ತಂಬೂರಿಯಿಲ್ಲ. ಹೀಗಿರಲು ಎರಡನೇ ಪಿಟೀಲಿನ ಸ್ಟೀವ್ ಕೆಲಸ ಬದಲಾಯಿಸಿ ಹ್ಯೂಸ್ಟನ್‌ಗೆ ಶಿಫ್ಟ್ ಆಗಿಬಿಟ್ಟ. ಅಂಚೆ ಡಬ್ಬಿಯ ಹತ್ತಿರ ಸಿಕ್ಕ ಮಾರ್ಥಾ ಈ ಸುದ್ದಿ ಹೇಳಿ ನಿಟ್ಟುಸಿರು ಬಿಟ್ಟರು. ಡಿಪೆಂಡೆಂಟ್ ವೀಸಾದಲ್ಲಿ ಹೊತ್ತು ಹೋಗದೆ ಕೂತಿದ್ದ ನನ್ನ ಬಾಯಿ ಸುಮ್ಮನಿರಬೇಕಲ್ಲ!

“ನಾನು ಪಿಟೀಲು ನುಡಿಸ್ತೀನಿ” ಎಂದೆ.

ಮಾರ್ಥಾರ ಕಣ್ಣಲ್ಲಿ ನೀರು ಬಂತು. ಭಾರತೀಯ ಸಂಸ್ಕೃತಿಯ ಬಗ್ಗೆ ಅವರಿಗಿದ್ದ ಅಭಿಮಾನ ಅದು ಎಂದುಕೊಂಡೆ. ಆಮೇಲೆ ತಿಳಿಯಿತು, ವಿಷಯ ಬೇರೆ. ಅವರ ಬೆರಳಿನ ಗೆಣ್ಣುಗಳು ಸಂಧಿವಾತದಿಂದ ಊದಿಕೊಳ್ಳುತ್ತಿದ್ದವು. ಇನ್ನೆಷ್ಟು ದಿನ ಚೆಲ್ಲೋ ಹಿಡಿಯಬಲ್ಲೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಅಷ್ಟರೊಳಗೆ ಒಂದು ಕ್ವಾರ್ಟೆಟ್ಟನ್ನು ಮೊದಲಿಂದ ಕೊನೆಯವರೆಗೆ ಜನರ ಮುಂದೆ ನುಡಿಸಬೇಕೆಂಬುದು ಅವರ ಬಹುಕಾಲದ ಆಸೆ. ಆಸ್ಟಿನ್‌ನ ವೃದ್ಧರ ನಿವಾಸದಲ್ಲಿದ್ದ ಅಕ್ಕ ಡೊರೊಥಿಯ ಹುಟ್ಟುಹಬ್ಬಕ್ಕೆ ಅಲ್ಲೇ ನುಡಿಸುತ್ತೇನೆಂದು ಮಾತು ಕೊಟ್ಟಿದ್ದರು.

ಆ ಕ್ವಾರ್ಟೆಟ್ ಇಪ್ಪತ್ತನೆಯ ಶತಮಾನ ಆಗತಾನೇ ಕಣ್ಣು ಬಿಡುತ್ತಿದ್ದಾಗ ಫ್ರಾನ್ಸಿನ ಒಬ್ಬ ಯುವಕ ಬರೆದದ್ದು. ಅವನ ಹೆಸರನ್ನು ನಾನು ಒಂದು ಸಲ ಉಚ್ಚರಿಸಿದೆ. ಶಾಲೆಯ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಿದ್ದ ನನ್ನ ಮಗಳು ಅನನ್ಯಾ ಎರಡೂ ಕಿವಿ ಮುಚ್ಚಿಕೊಂಡು “ಅಮ್ಮಾ, ಪ್ಲೀಸ್ ಡೋಂಟ್!” ಎಂದಳು. ಅಂದಿನಿಂದ ನಾನು ಅವನನ್ನು ಫ್ರೆಂಚ್ ಹುಡುಗ ಎಂದೇ ಕರೆಯುತ್ತೇನೆ.

ಮೊದಲ ಶನಿವಾರ ರೇಷ್ಮೆ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು, ಪಿಟೀಲಿಗೂ ಕುಂಕುಮ ಇಟ್ಟು ಹೊರಟೆ. ಮಾರ್ಥಾರ ಹಾಲಿನಲ್ಲಿ ನಾಲ್ಕು ಕುರ್ಚಿ, ನಾಲ್ಕು ಸ್ಟ್ಯಾಂಡ್ ಸಿದ್ಧವಾಗಿದ್ದವು. ನಾನು ಚಪ್ಪಲಿ ಬಿಟ್ಟು, ಕುರ್ಚಿ ಪಕ್ಕಕ್ಕೆ ಸರಿಸಿ, ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿದೆ. ಮೇಲಿನಿಂದ ಮೂರು ಮುಖಗಳು ಬಗ್ಗಿ ನೋಡಿದವು: ಮಾರ್ಥಾ, ಮೊದಲನೇ ಪಿಟೀಲಿನ ಡೇವಿಡ್, ವಯೋಲಾದ ಕ್ಯಾರನ್. ಡೇವಿಡ್ ಹಲ್ಲಿನ ಡಾಕ್ಟರು; ಬಾಯಿಯೊಳಗೆ ಕೆಟ್ಟದ್ದೇನನ್ನೋ ಕಂಡೂ ತೋರಿಸಿಕೊಳ್ಳದ ಮುಖ ಅವರದು. ಇಷ್ಟರಲ್ಲಿ ಮಾರ್ಥಾರ ನಾಯಿ ಬಂದು, ಕೊನೆಗೂ ತನ್ನ ಎತ್ತರಕ್ಕೆ ಒಬ್ಬರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ ನನ್ನ ಕಿವಿ ನೆಕ್ಕಿತು.

“ಶುರು ಮಾಡೋಣವೇ?” ಎಂದರು ಡೇವಿಡ್.

ನನ್ನ ಮುಂದೆ ಇಟ್ಟುಕೊಂಡ ಹಾಳೆಯ ತುಂಬ ಕಪ್ಪು ಗೊದಮೊಟ್ಟೆಗಳು ಈಜಾಡುತ್ತಿದ್ದವು. ಸ ಎಲ್ಲಿದೆ, ಪ ಎಲ್ಲಿದೆ? ಒಂದೂ ತಿಳಿಯಲಿಲ್ಲ. ಆದರೆ ಜೂನಿಯರ್ ಫಸ್ಟ್ ಕ್ಲಾಸಿನವಳು ಅಷ್ಟಕ್ಕೆಲ್ಲ ಎದೆಗುಂದುತ್ತಾಳೆಯೇ!

“ನಮ್ಮ ಸಂಪ್ರದಾಯದಲ್ಲಿ ಮೊದಲ ದಿನ ಬರೀ ಕೇಳ್ತೀವಿ” ಎಂದು ಗಂಭೀರವಾಗಿ ಹೇಳಿದೆ.

“ಎಂಥ ವಿವೇಕ!” ಎಂದು ಕ್ಯಾರನ್ ಕೈ ಜೋಡಿಸಿದಳು.

ಕೇಳಿದೆ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ಮೊದಲ ಭಾಗದಲ್ಲಿ ಒಂದು ಮೆತ್ತನೆಯ ರಾಗ, ಹಿಂದೆಲ್ಲೋ ಕೇಳಿದ್ದನ್ನು ಯಾರೋ ನೆನಪಿಸಿಕೊಳ್ಳುತ್ತಿರುವ ಹಾಗೆ. ಅದೇ ರಾಗ ಮುಂದಿನ ಭಾಗಗಳಲ್ಲೂ ಬೇರೆ ಬೇರೆ ಬಟ್ಟೆ ತೊಟ್ಟು ಇಣುಕುತ್ತದೆ. ಎರಡನೆಯದರಲ್ಲಿ ಎಲ್ಲರೂ ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ. ಮೂರನೆಯದು ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಎಂಬಂತೆ. ನಾಲ್ಕನೆಯದಕ್ಕೆ ವಿಪರೀತ ಸಿಟ್ಟು, ವಿಪರೀತ ಅವಸರ. ಎಣಿಸಿ ನೋಡಿದರೆ ಐದೈದರ ಲೆಕ್ಕ. ತಕ ತಕಿಟ, ತಕ ತಕಿಟ. ಅರೆ, ಇದು ನಮ್ಮ ಖಂಡ ಚಾಪು! ಫ್ರೆಂಚ್ ಹುಡುಗ ನಮ್ಮವನೇ ಎಂದು ನನಗೆ ಖಾತ್ರಿಯಾಯಿತು.

ಮರುದಿನವೇ ಸಿಡಿ ತರಿಸಿ ಮಿನಿವ್ಯಾನಿನಲ್ಲಿ ಹಾಕಿಕೊಂಡೆ. ಹೋಗುವಾಗ ಬರುವಾಗ ಕೇಳಿ ಕೇಳಿ ಬಾಯಿಪಾಠ ಮಾಡಿ, ಮುಂದಿನ ಶನಿವಾರ ಒಂದು ಸ್ವರ ಬಿಡದೆ ನುಡಿಸಿದೆ. ಡೇವಿಡ್ ಹೋದಲ್ಲೆಲ್ಲ ನಾನೂ ಹೋದೆ.

“ನೋಡಿದ್ರಾ, ನಿಮ್ಮದೂ ನನ್ನದೂ ಎಷ್ಟು ಚೆನ್ನಾಗಿ ಹೊಂದ್ತಾ ಇದೆ!” ಎಂದೆ.

“ಹೌದು” ಎಂದರು ಡೇವಿಡ್. “ನೀವು ನುಡಿಸ್ತಾ ಇರೋದು ನನ್ನ ಭಾಗ.”

ಸಿಡಿಯಲ್ಲಿ ಎದ್ದು ಕೇಳಿಸುವುದು ಮೊದಲನೇ ಪಿಟೀಲು. ಎರಡನೇ ಪಿಟೀಲು ಅದರ ಕೆಳಗೆ ಅಡಗಿ ಕೂತಿರುತ್ತದೆ. ಉಪ್ಪಿಟ್ಟಿಗೆ ಕೊನೆಯಲ್ಲಿ ನಿಂಬೆಹಣ್ಣು ಹಿಂಡಿದವರಿಗೆ ಹೊಗಳಿಕೆ, ಅಲ್ಲಿಯವರೆಗೆ ರವೆ ಹುರಿದವರನ್ನು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ನನ್ನದು ರವೆ ಹುರಿಯುವ ಭಾಗ.

“ಕಷ್ಟವಾದರೆ ಹೇಳು, ವಸುಧಾ” ಎಂದರು ಮಾರ್ಥಾ. “ಸ್ಟೀವ್‌ನನ್ನು ಹ್ಯೂಸ್ಟನ್‌ನಿಂದ ಕರೆಸಬಹುದು. ಬೇಜಾರಿಲ್ಲ.”

ಮರ್ಯಾದೆಯಾಗಿ ಹಿಂದೆ ಸರಿಯಲು ದೇವರೇ ಕೊಟ್ಟ ಅವಕಾಶ ಅದು. ನಾನು ನಕ್ಕು, “ಛೆ, ಛೆ! ಅವರಿಗ್ಯಾಕೆ ಸುಮ್ನೆ ತೊಂದರೆ!” ಎಂದೆ.

ಮನೆಗೆ ಬಂದು ಅನನ್ಯಾಳಿಗೆ ಶರಣಾದೆ. ಅವಳು ಗೊದಮೊಟ್ಟೆಗಳನ್ನು ನೋಡಿ ಹೇಳುತ್ತಾ ಹೋದಳು, ನಾನು ಅದರ ಮೇಲೆ ಸರಿಗಮ ಬರೆಯುತ್ತಾ ಹೋದೆ. ಪಿಟೀಲಿನ ಶ್ರುತಿಯನ್ನೂ ಅವಳೇ ಬದಲಾಯಿಸಿಕೊಟ್ಟಳು. ಏಕೆಂದರೆ ಅವರು ತಂತಿ ಕಟ್ಟುವ ಶ್ರುತಿ ಬೇರೆ, ನಮ್ಮದು ಬೇರೆ. ನನ್ನ ಬೆರಳುಗಳಿಗೆ ಇದ್ದಕ್ಕಿದ್ದಂತೆ ಬೇರೆಯವರ ಅಡುಗೆಮನೆಗೆ ಬಂದಂತಾಯಿತು. ಉಪ್ಪಿನ ಡಬ್ಬಿ ಇರುವಲ್ಲಿ ಸಕ್ಕರೆ!

“ಅಮ್ಮಾ, ಕೌಂಟ್! ಯು ಆರ್ ನಾಟ್ ಕೌಂಟಿಂಗ್!” ಎಂದು ಅವಳು ಗದರುತ್ತಿದ್ದಳು. ರಾಘು ಪೇಪರಿನ ಹಿಂದಿನಿಂದ, “ಜೋರ್ ಮಾಡು, ಜೋರ್ ಮಾಡು. ನಿನಗ ಮಗ್ಗಿ ಕಲಿಸುವಾಗ ಆಕಿ ಬಿಟ್ಟಿದ್ದಳೇನು?” ಎಂದು ಮಗಳಿಗೆ ಕುಮ್ಮಕ್ಕು ಕೊಡುತ್ತಿದ್ದರು.

ಅಂತೂ ಸ್ವರಗಳು ಸ್ಥಾನಕ್ಕೆ ಬಂದವು. ಆದರೆ ಗಮಕ? ನಮ್ಮಲ್ಲಿ ಸ್ವರವನ್ನು ಅಲುಗಾಡಿಸದೆ ನಿಲ್ಲಿಸಿದರೆ ಮೇಷ್ಟ್ರು ಬಯ್ಯುತ್ತಾರೆ. ಇಲ್ಲಿ ಡೇವಿಡ್ ವಿನಯದಿಂದ ಕೆಮ್ಮಿದರು.

“ಆ ತೂಗಾಟ ಬಹಳ ಆಸಕ್ತಿಕರವಾಗಿದೆ. ಸ್ವಲ್ಪ ಕಡಿಮೆ ಆಗಬಹುದೇ?”

ಕಡಿಮೆ ಮಾಡಿದೆ.

“ಇನ್ನೂ ಸ್ವಲ್ಪ?”

ಇನ್ನೂ ಕಡಿಮೆ ಮಾಡಿದೆ.

“ಇಲ್ಲದೇ ಇದ್ದರೆ ಹೇಗಿರುತ್ತದೆ, ನೋಡೋಣವೇ?”

ನೋಡಿದೆವು. ನನಗೆ ಅದು ಒಗ್ಗರಣೆಯಿಲ್ಲದ ಸಾರಿನಂತೆ ಕೇಳಿಸಿತು. ಅವರೆಲ್ಲ ಚಪ್ಪಾಳೆ ತಟ್ಟಿದರು.

ಆಸ್ಟಿನ್‌ಗೆ ಹೊರಡುವ ದಿನ ಬಂತು. ನಾನೂ ಅನನ್ಯಾಳೂ ಮಾರ್ಥಾರೂ ನಮ್ಮ ಮಿನಿವ್ಯಾನಿನಲ್ಲಿ ಹೊರಟೆವು. ರಾಘು ಡ್ರೈವ್ ಮಾಡಿದರು. ಚೆಲ್ಲೋಗೇ ಹಿಂದಿನ ಸೀಟೆಲ್ಲ ಬೇಕಾದ್ದರಿಂದ ಡೇವಿಡ್ ಹಿಂದೆ ತಮ್ಮ ಕಾರಿನಲ್ಲಿ ಕ್ಯಾರನ್ ಜೊತೆ ಬಂದರು. ದಾರಿಯುದ್ದಕ್ಕೂ ಮಾರ್ಥಾ ಮಡಿಲಲ್ಲಿ ಕೈ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು. ಊರು ಸಮೀಪಿಸಿದಾಗ ಸಣ್ಣ ದನಿಯಲ್ಲಿ, “ಅಕ್ಕನಿಗೆ ಕೊಟ್ಟ ಮಾತು ಅಂತೂ ಇವತ್ತು ನೆರವೇರುತ್ತೆ” ಎಂದರು. ನಾನು ಸರಿಗಮದ ಹಾಳೆ ತೆಗೆದು ಇನ್ನೊಮ್ಮೆ ಓದತೊಡಗಿದೆ.

ನಿವಾಸದ ಹಾಲಿನಲ್ಲಿ ಅಜ್ಜ ಅಜ್ಜಿಯರು ನೀಟಾಗಿ ತಲೆ ಬಾಚಿಕೊಂಡು ಕೂತಿದ್ದರು. ಮುಂದಿನ ಸಾಲಿನ ನಡುವೆ ಗುಲಾಬಿ ಬಣ್ಣದ ಸ್ವೆಟರ್ ತೊಟ್ಟ ಡೊರೊಥಿ. ನಾನು ನೆಲದ ಮೇಲೆ ಕೂತರೆ ಯಾರಿಗೂ ಕಾಣುವುದಿಲ್ಲವೆಂದು ಪಿಯಾನೋ ಮುಂದಿನ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೆಂದು ತೀರ್ಮಾನವಾಗಿತ್ತು. ಸೀರೆ ಹರಡಿ ಕೂತಾಗ ಪಾದ ಕೂಡ ಕಾಣುತ್ತಿರಲಿಲ್ಲ. ಗೊಂಬೆ ಕೂರಿಸಿದಂತಿತ್ತು ಎಂದು ರಾಘು ಆಮೇಲೆ ಹೇಳಿದರು.

ನಮ್ಮ ಕಡೆ ಎಡಗೈ ಬೆರಳು ತಂತಿಯ ಮೇಲೆ ಸರಾಗವಾಗಿ ಜಾರಲೆಂದು ಒಂಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳುವ ರೂಢಿ. ಗಾಬರಿಯಲ್ಲಿ ನಾನು ತಲೆಗೆ ಹಚ್ಚುವಷ್ಟು ಸವರಿಕೊಂಡೆ.

ಮೊದಲ ಭಾಗ ದೇವರ ದಯದಿಂದ ಸಾಗಿತು. ಎರಡನೆಯದರಲ್ಲಿ ಸಾಸಿವೆ ಸಿಡಿಯಿತು. ನನ್ನ ಸಾಸಿವೆ ಒಂದೆರಡು ತಡವಾಗಿ ಸಿಡಿದರೂ ಒಗ್ಗರಣೆ ಒಗ್ಗರಣೆಯೇ. ಡೊರೊಥಿ ಸಂತೋಷದಿಂದ ತಲೆದೂಗುತ್ತಿದ್ದರು. ಮಾರ್ಥಾರ ಮುಖದಲ್ಲಿ ಹದಿನಾರರ ಕಳೆ. ನಾನು ಗೆದ್ದೆ ಎಂದುಕೊಂಡೆ!

ಮೂರನೆಯ ಭಾಗಕ್ಕೆ ಮುಂಚೆ ಎಲ್ಲರೂ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ ಒಂದು ಪುಟ್ಟ ಕಪ್ಪು ರಬ್ಬರ್ ತುಂಡು ಸಿಕ್ಕಿಸಬೇಕು. ಅದಕ್ಕೆ ಮ್ಯೂಟ್ ಎನ್ನುತ್ತಾರೆ. ಸಿಕ್ಕಿಸಿದರೆ ಪಿಟೀಲು ಪಿಸುಮಾತಾಡುತ್ತದೆ. ಎಣ್ಣೆಗೈಯಲ್ಲಿ ನನ್ನದನ್ನು ಹಿಡಿದೆ. ಅದು ಹಲಸಿನ ಬೀಜದಂತೆ ಚಿಮ್ಮಿ, ನೆಲಕ್ಕೆ ಬಿದ್ದು, ಉರುಳುತ್ತಾ ಮುಂದಿನ ಸಾಲಿನ ಕಾಲಡಿ ಸೇರಿತು. ಕೂಡಲೇ ಆ ಸಾಲಿನ ಹಿರಿಯರೆಲ್ಲ ಹಿಯರಿಂಗ್ ಏಡ್ ಬಿತ್ತೇನೋ ಎಂಬ ಗಾಬರಿಯಿಂದ ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಒಬ್ಬ ಅಜ್ಜ ಅದನ್ನು ಹೆಕ್ಕಿ ಕಿವಿಗೆ ಇಟ್ಟುಕೊಳ್ಳಲು ಪ್ರಯತ್ನಿಸಿ, “ಇದು ನನ್ನದಲ್ಲ” ಎಂದು ಪಕ್ಕದವರಿಗೆ ಕೊಟ್ಟರು. ಅವರು ತಮ್ಮ ಪಕ್ಕದವರಿಗೆ. ಅಷ್ಟರಲ್ಲಿ ಡೇವಿಡ್ ಶುರು ಮಾಡಿಬಿಟ್ಟಿದ್ದರು.

ಮೂವರು ಮಲಗಿದ ಮಗುವಿನ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದರು. ನಾನೊಬ್ಬಳು ಹೊರಗೆ ನಿಂತು ತರಕಾರಿ ಕೂಗುತ್ತಿದ್ದೆ! ಮೆಲ್ಲಗೆ ನುಡಿಸಲು ಹೋಗಿ ಸಾಲು ತಪ್ಪಿತು. ಹಾಳೆಯ ಮೇಲೆ ಕಣ್ಣಾಡಿಸಿದರೆ ನಾನೇ ಬರೆದ ಸರಿಗಮ ನನಗೇ ಅಪರಿಚಿತ. ಆಗ ರಕ್ತದಲ್ಲಿದ್ದದ್ದು ಮೇಲೆ ಬಂತು. ನಮ್ಮ ಕಡೆ ಪಿಟೀಲು ಪಕ್ಕವಾದ್ಯ. ಹಾಡುವವರು ಏನು ಹಾಡುತ್ತಾರೋ ಅದನ್ನು ಕೂದಲೆಳೆಯಷ್ಟು ಹಿಂದೆ ಹಿಂಬಾಲಿಸುವುದೇ ಧರ್ಮ. ನಾನು ಡೇವಿಡ್‌ರನ್ನು ಹಿಂಬಾಲಿಸಿದೆ. ಅವರು ಹತ್ತಿದಲ್ಲಿ ಹತ್ತಿದೆ, ಇಳಿದಲ್ಲಿ ಇಳಿದೆ. ಅವರು ನನ್ನತ್ತ ನೋಡಿದ ನೋಟವನ್ನು ಮೆಚ್ಚುಗೆ ಎಂದೇ ತಿಳಿದೆ.

ಆಮೇಲೆ ಎಲ್ಲರೂ ನಿಲ್ಲಿಸಿದರು. ಅದು ಫ್ರೆಂಚ್ ಹುಡುಗ ಬಹಳ ಯೋಚಿಸಿ ಇಟ್ಟ ಮೌನವಂತೆ. ಆದರೆ ನಮ್ಮಲ್ಲಿ ಮುಖ್ಯ ಕಲಾವಿದರು ನಿಲ್ಲಿಸಿದರೆ ‘ಇನ್ನು ನೀವು’ ಎಂದು ಅರ್ಥ. ನಾನು ಡೇವಿಡ್‌ರಿಗೆ ತಲೆಬಾಗಿ, “ಭೇಷ್!” ಎಂದು ಗಟ್ಟಿಯಾಗಿ ಹೇಳಿ, ಶುಭಪಂತುವರಾಳಿಯಲ್ಲಿ ಆಲಾಪನೆ ಎತ್ತಿಕೊಂಡೆ. ಸಂಪೂರ್ಣ ಗಮಕದೊಂದಿಗೆ! ಇಷ್ಟು ದಿನ ಕಟ್ಟಿಹಾಕಿದ್ದ ಗಮಕಗಳೆಲ್ಲ ದೊಡ್ಡಿಯ ಬಾಗಿಲು ತೆಗೆದ ದನಗಳಂತೆ ಹೊರಬಿದ್ದವು. ಕಣ್ಣು ಮುಚ್ಚಿದ್ದರಿಂದ ಎಷ್ಟು ಹೊತ್ತು ನುಡಿಸಿದೆನೋ ತಿಳಿಯದು. ತೆರೆದಾಗ ಕ್ಯಾರನ್ ವಯೋಲಾದ ಹಿಂದೆ ಮುಖ ಮರೆಸಿಕೊಂಡು ಅಲುಗುತ್ತಿದ್ದಳು. ರಾಘು ಎದ್ದು ಹೊರಗೆ ಹೋಗಿದ್ದರು. ಅನನ್ಯಾ ಕುರ್ಚಿಯಲ್ಲಿ ಎಷ್ಟು ಕೆಳಗೆ ಜಾರಿದ್ದಳೆಂದರೆ ಅವಳ ಜುಟ್ಟು ಮಾತ್ರ ಕಾಣುತ್ತಿತ್ತು.

“ನಾಲ್ಕನೆಯದು” ಎಂದರು ಡೇವಿಡ್, ಹಲ್ಲು ಕಚ್ಚಿಕೊಂಡು. ಹಲ್ಲಿನ ಡಾಕ್ಟರಿಗೆ ಅದು ಒಳ್ಳೆಯದಲ್ಲ.

ನಾಲ್ಕನೆಯದರಲ್ಲಿ ಮಾನ ಉಳಿಸಿಕೊಳ್ಳಬೇಕು ಎಂದು ನಿಶ್ಚಯಿಸಿದೆ. ಖಂಡ ಚಾಪು ನನ್ನ ತವರುಮನೆ. ತಕ ತಕಿಟ ಎಂದು ತಲೆಯಾಡಿಸುತ್ತಾ ಹಿಡಿದೆ ನೋಡಿ, ಕಾಲ ಓಡತೊಡಗಿತು. ಹಿಂದಿನಿಂದ ಡೇವಿಡ್, “ನಿಧಾನ, ನಿಧಾನ” ಎನ್ನುತ್ತಿದ್ದರಂತೆ. ನನಗೆ ಸರಿಯಾಗಿ ಕೇಳಿಸದೆ, ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಓಡಿದೆ. ಕ್ಯಾರನ್ ದಾರಿಯಲ್ಲೇ ಬಿದ್ದುಹೋದಳು. ಮಾರ್ಥಾ ಮಾತ್ರ ನನ್ನನ್ನೇ ನೋಡುತ್ತಾ, ಊದಿದ ಬೆರಳುಗಳಲ್ಲಿ, ತುಟಿ ಕಚ್ಚಿ, ಬಿಡದೆ ಹಿಂದೆ ಓಡಿಬಂದರು. ಮೊದಲು ನಾನು ಮುಗಿಸಿದೆ. ಆಮೇಲೆ ಮಾರ್ಥಾ. ಆಮೇಲೆ ಡೇವಿಡ್. ಕ್ಯಾರನ್ ಬರಲೇ ಇಲ್ಲ.

ಎಲ್ಲರೂ ಎದ್ದು ಬಾಗಿದರು. ನಾನೂ ಏಳಲು ಹೋದೆ. ಏಳಲು ಕಾಲುಗಳಿದ್ದರೆ ತಾನೆ! ಬೆಂಚಿನ ಮೇಲೆ ಮಡಿಸಿಟ್ಟಿದ್ದ ಎರಡೂ ಕಾಲು ಜೋಮು ಹಿಡಿದು ಮರದ ಕೊರಡಾಗಿದ್ದವು. ಒಂದು ಸಲ ಮೇಲೆದ್ದು ಧೊಪ್ಪನೆ ಕೂತೆ. ಇನ್ನೊಂದು ಸಲ ಎದ್ದು ಧೊಪ್ಪನೆ ಕೂತೆ. ಹಾಲಿನ ತುಂಬ ಕಿವಿಗಡಚಿಕ್ಕುವ ಚಪ್ಪಾಳೆ! ಊರುಗೋಲು ಹಿಡಿದವರೂ ಎದ್ದು ನಿಂತರು. ರಾಘು ಬಂದು ನನ್ನನ್ನು ಎತ್ತಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

“ಉಸಿರು ಬಿಗಿ ಹಿಡಿ, ನನ್ನ ಸೊಂಟ ಮುರೀತೈತಿ” ಎಂದರು ಕಿವಿಯಲ್ಲಿ.

ಬಾಗಿಲ ಬಳಿ ಡೊರೊಥಿ ನನ್ನ ಕೈ ಹಿಡಿದು, ಕಣ್ಣೊರೆಸಿಕೊಂಡು, “ಇಂಥ ಸ್ಥಿತಿಯಲ್ಲೂ ನುಡಿಸ್ತೀಯಲ್ಲ ಮಗು, ಎಂಥ ಧೈರ್ಯ!” ಎಂದರು. ಮಗು ಎನ್ನಿಸಿಕೊಂಡು ಗಂಡನ ತೋಳಿನಲ್ಲಿ ನೇತಾಡುತ್ತಾ ಹೊರಗೆ ಬಂದೆ.

ವಾಪಸು ಬರುವಾಗ ಮಾರ್ಥಾರ ಬೆರಳುಗಳ ಮೇಲೆ ಐಸ್ ಪ್ಯಾಕ್ ಇತ್ತು. ಅರ್ಧ ದಾರಿಯ ವೇಕೋ ಊರು ದಾಟುವ ಹೊತ್ತಿಗೆ ನನ್ನ ಕಾಲಿಗೆ ಜೀವ ಬಂದಿತ್ತು. ಕೊನೆಗೆ ತಡೆಯಲಾರದೆ, “ಮಾರ್ಥಾ, ನಂಗೆ ನೋಟ್ಸ್ ಓದೋಕೆ ಬರಲ್ಲ. ಮೊದಲೇ ಹೇಳಬೇಕಿತ್ತು. ನಿಮ್ಮ ದಿನ ಹಾಳು ಮಾಡಿಬಿಟ್ಟೆ” ಎಂದೆ. ಹೇಳುವಾಗ ನಿಜವಾಗಿಯೂ ಅಳು ಬಂತು.

“ಅದು ನನಗೆ ಮೊದಲ ಶನಿವಾರವೇ ಗೊತ್ತಾಯಿತು” ಎಂದರು ಮಾರ್ಥಾ. “ನೀನು ಹಾಳೆಯನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದೆ.”

“ಮತ್ತೆ ಯಾಕೆ ಸುಮ್ನಿದ್ರಿ?”

“ನಲವತ್ತು ವರ್ಷ ಗಣಿತ ಕಲಿಸಿದ್ದೇನೆ. ಬಾರದಿದ್ದರೂ ಕೈ ಎತ್ತುವ ಮಕ್ಕಳೆಂದರೆ ನನಗೆ ದೌರ್ಬಲ್ಯ.” ಅವರು ಕಿಟಕಿಯಾಚೆ ನೋಡಿದರು. ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. “ಇವತ್ತಿನದು ಲೆಕ್ಕಕ್ಕಿಲ್ಲ. ನಾಲ್ಕು ಜನ ಒಟ್ಟಿಗೆ ಮುಗಿಸಿದರೆ ಮಾತ್ರ ಕ್ವಾರ್ಟೆಟ್. ಕೈ ಇಷ್ಟು ಬೇಗ ಸೋಲುವ ಹಾಗಿಲ್ಲ, ಇನ್ನೊಮ್ಮೆ ನುಡಿಸಬೇಕು.”

“ಖಂಡಿತ ನುಡಿಸೋಣ!” ಎಂದೆ.

“ಸ್ಟೀವ್‌ಗೆ ಫೋನ್ ಮಾಡ್ತೇನೆ” ಎಂದರು ಮಾರ್ಥಾ.

“ಭಾಳ ಛಲೋ ವಿಚಾರ್ರಿ ಅದು” ಎಂದರು ರಾಘು ಕನ್ನಡದಲ್ಲೇ. ಮಾರ್ಥಾರಿಗೆ ಅರ್ಥವಾಯಿತು.

ವಸಂತದಲ್ಲಿ ಸ್ಟೀವ್ ಹ್ಯೂಸ್ಟನ್‌ನಿಂದ ಬಂದ. ಅದೇ ಹಾಲಿನಲ್ಲಿ, ಅದೇ ಜನರ ಮುಂದೆ, ನಾಲ್ವರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದರು. ಆ ಮೌನವನ್ನೂ ಅಂದು ಸರಿಯಾಗಿ ಕೇಳಿದೆ. ಅದರಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ತಾಳ ಹಾಕದಂತೆ ನನ್ನ ಒಂದು ಕೈಯನ್ನು ರಾಘು, ಇನ್ನೊಂದನ್ನು ಅನನ್ಯಾ ಹಿಡಿದುಕೊಂಡಿದ್ದರು. ಕೊನೆಯಲ್ಲಿ ಮಾರ್ಥಾ ಕಮಾನು ಕೆಳಗಿಳಿಸಿ ಅಕ್ಕನನ್ನು ನೋಡಿದರು. ಡೊರೊಥಿ ಅಷ್ಟು ದೂರದಿಂದಲೇ ಎರಡೂ ಕೈ ಚಾಚಿದರು. ನನ್ನ ಎರಡೂ ಕೈ ಬಂಧನದಲ್ಲಿದ್ದುದರಿಂದ ಕಣ್ಣೊರೆಸಿಕೊಳ್ಳಲಾಗಲಿಲ್ಲ.

ಆಮೇಲೆ ಅಭಿನಂದಿಸಲೆಂದು ಮುಂದೆ ನಡೆದೆ. ಡೊರೊಥಿ ನನ್ನನ್ನು ನೋಡಿದವರೇ ಕೂಗಿಕೊಂಡರು: “ನಡೀತಿದ್ದಾಳೆ! ನೋಡಿ, ಆ ಹುಡುಗಿ ನಡೀತಿದ್ದಾಳೆ!”

ಹಾಲಿಗೆ ಹಾಲೇ ತಿರುಗಿತು. ಒಬ್ಬ ಅಜ್ಜ ಟೋಪಿ ತೆಗೆದರು. ಅಜ್ಜಿಯರು ಸುತ್ತುವರಿದು ನನ್ನ ಕೆನ್ನೆ ಸವರಿದರು. ಮೊದಲ ಕಛೇರಿಯ ದಿನದಿಂದ ಪ್ರತಿ ಭಾನುವಾರ ಅವರೆಲ್ಲ ಸೇರಿ ನನ್ನ ಕಾಲಿಗಾಗಿ ಪ್ರಾರ್ಥನೆ ಮಾಡುತ್ತಿದ್ದರಂತೆ. ಅದು ಬರೀ ಜೋಮು ಎಂದು ಹೇಳುವ ಎದೆಗಾರಿಕೆ ನನಗಿರಲಿಲ್ಲ. ಅವರ ಭಕ್ತಿಗೆ ಭಂಗ ಬಾರದಿರಲೆಂದು ಸ್ವಲ್ಪ ಕುಂಟಿದೆ ಕೂಡ.

“ನನ್ನ ಪಿಟೀಲಿಗೂ ಒಂದು ಮಾತು ಪ್ರಾರ್ಥಿಸಿದಿರಾ?” ಎಂದು ತಮಾಷೆಗೆ ಕೇಳಿದೆ.

ಡೊರೊಥಿ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.

“ಇಲ್ಲ, ಮಗು” ಎಂದರು. “ದೇವರ ಹತ್ತಿರ ಒಂದೇ ಸಲಕ್ಕೆ ಅಷ್ಟೊಂದು ಕೇಳಬಾರದು.”